ಚಿತ್ರದುರ್ಗದ ಬಿಸಿಲಿನಲ್ಲಿ ಮನೆಯಂಗಳದ ಹಾವಸೆ ಉಳಿಯುತ್ತದೆಯೇ?

ಪ್ರಶ್ನೆ (ಚಿತ್ರದುರ್ಗ, ಜೋಗಿಮಟ್ಟಿ ರಸ್ತೆ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಉತ್ತರ ದಿಕ್ಕಿನಲ್ಲಿ, ಗೋಡೆಗೂ ಕಾಂಪೌಂಡಿಗೂ ನಡುವೆ ಸುಮಾರು ನಾಲ್ಕು ಅಡಿ ಅಗಲದ ಜಾಗವಿದೆ. ವರ್ಷದ ಬಹುಪಾಲು ನೆರಳಿರುವುದರಿಂದ ಅಲ್ಲಿ ಹೂವಿನ ಗಿಡಗಳು ಚೆನ್ನಾಗಿ ಬರುವುದಿಲ್ಲ. ಜಪಾನಿನ ಕ್ಯೋಟೋ ನಗರದ ಸೈಹೋಜಿ ದೇವಾಲಯದ ಹಾವಸೆ ತೋಟದ ಚಿತ್ರಗಳನ್ನು ನೋಡಿದ ಮೇಲೆ ನಮ್ಮಲ್ಲಿಯೂ ಕಲ್ಲುಗಳ ನಡುವೆ ಹಾವಸೆಯನ್ನೇ ಬೆಳೆಸಬೇಕೆಂಬ ಆಸೆ ಹುಟ್ಟಿ, ಕಳೆದ ಚಳಿಗಾಲದಲ್ಲಿ ಒಂದು ನರ್ಸರಿಯಿಂದ ಹಾಸಿನ ರೂಪದ ಹಾವಸೆಯನ್ನು ತರಿಸಿ ಹಾಕಿಸಿದೆವು. ಶಿವರಾತ್ರಿಯವರೆಗೆ ಹಸಿರಾಗಿಯೇ ಇದ್ದ ಅದು ಏಪ್ರಿಲ್ ಮುಗಿಯುವ ಹೊತ್ತಿಗೆ ಕಂದು ಬಣ್ಣಕ್ಕೆ ತಿರುಗಿ, ಅಂಚುಗಳು ಮೇಲೆದ್ದು, ಮುಟ್ಟಿದರೆ ಉದುರುವಂತಾಗಿದೆ. ಬೋರ್‌ವೆಲ್ ನೀರನ್ನು ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ತಪ್ಪದೆ ಸಿಂಪಡಿಸುತ್ತಿದ್ದೇವೆ. ಕಲ್ಲುಗಳ ಮೇಲೆ ಬಿಳಿಯ ಪೊರೆ ಕಟ್ಟಿದೆ.

ಇದು ಸತ್ತಿದೆಯೇ, ಅಥವಾ ಮಳೆ ಬಂದರೆ ಚೇತರಿಸಿಕೊಳ್ಳುವುದೇ? ಮಜ್ಜಿಗೆಯಲ್ಲಿ ಅರೆದು ಬಳಿದರೆ ಬೇಗ ಹಬ್ಬುತ್ತದೆ ಎಂದು ಕೆಲವರು ಹೇಳುತ್ತಾರೆ, ಅದು ನಿಜವೇ? ಜೋಗಿಮಟ್ಟಿ ಕಾಡಿನ ಕಡೆಯಿಂದ ಸ್ವಲ್ಪ ಹಾವಸೆ ತಂದರೆ ಇಲ್ಲಿನ ಹವೆಗೆ ಒಗ್ಗಬಹುದೇ? ತಿಳಿದವರು ದಯವಿಟ್ಟು ಉತ್ತರಿಸಬೇಕು.

ಉತ್ತರ 1 (ದಾವಣಗೆರೆ, ನಿವೃತ್ತ ಸಸ್ಯಶಾಸ್ತ್ರ ಅಧ್ಯಾಪಕ)

ಮೊದಲು ಬಿಳಿಯ ಪೊರೆಯ ವಿಷಯ. ಹಾವಸೆಗೆ ಬೇರಿಲ್ಲ. ಕೆಳಗೆ ಕಾಣುವ ಕಂದು ಎಳೆಗಳು ಕಲ್ಲನ್ನೋ ಮಣ್ಣನ್ನೋ ಹಿಡಿದುಕೊಳ್ಳುವುದಕ್ಕೆ ಮಾತ್ರ. ನೀರನ್ನೂ ಲವಣಗಳನ್ನೂ ಅದು ಬಹುಮಟ್ಟಿಗೆ ಎಲೆಯ ಮೈಯಿಂದಲೇ ಹೀರುತ್ತದೆ, ಮತ್ತು ಆ ಎಲೆ ಹೆಚ್ಚಿನ ಜಾತಿಗಳಲ್ಲಿ ಒಂದೇ ಜೀವಕೋಶದಷ್ಟು ದಪ್ಪವಿರುತ್ತದೆ. ಆದ್ದರಿಂದ ಗಡಸು ನೀರನ್ನು ಸಿಂಪಡಿಸಿದಾಗ ನೀರು ಆರಿಹೋಗಿ, ಅದರಲ್ಲಿದ್ದ ಸುಣ್ಣದ ಅಂಶವೂ ಇತರ ಲವಣಗಳೂ ನೇರವಾಗಿ ಎಲೆಯ ಮೇಲೆ ಉಳಿಯುತ್ತವೆ. ಗುಲಾಬಿ ಗಿಡಕ್ಕೆ ಅದೇ ನೀರು ಹಾಕಿದರೆ ಮಣ್ಣು ಸ್ವಲ್ಪ ತಡೆದುಕೊಳ್ಳುತ್ತದೆ. ಹಾವಸೆಗೆ ಅಂತಹ ತಡೆ ಇಲ್ಲ.

ಎರಡನೆಯದು ಮಧ್ಯಾಹ್ನದ ಸಿಂಪರಣೆ. ನನ್ನ ಅಭಿಪ್ರಾಯದಲ್ಲಿ ನಿಮ್ಮ ಹಾವಸೆಗೆ ಹೆಚ್ಚು ಪೆಟ್ಟು ಕೊಟ್ಟಿರುವುದು ಇದೇ. ಹಾವಸೆ ಒಣಗಿದಾಗ ಅದರ ಉಸಿರಾಟ ಬಹುತೇಕ ನಿಂತು, ಅದು ಒಂದು ಬಗೆಯ ನಿದ್ರೆಗೆ ಜಾರುತ್ತದೆ. ನೀರು ಬಿದ್ದೊಡನೆ ಎಚ್ಚರಗೊಂಡು, ಒಣಗುವಾಗ ಹಾನಿಯಾದ ಕೋಶಪೊರೆಗಳನ್ನು ಸರಿಪಡಿಸಿಕೊಳ್ಳಲು ಕೂಡಿಟ್ಟ ಸಕ್ಕರೆಯನ್ನು ಖರ್ಚು ಮಾಡುತ್ತದೆ. ಆಮೇಲೆ ಕೆಲವು ಗಂಟೆಗಳಾದರೂ ತೇವ ಉಳಿದರೆ ಆ ಖರ್ಚನ್ನು ಬೆಳಕಿನಲ್ಲಿ ಮತ್ತೆ ಗಳಿಸಿಕೊಳ್ಳುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ನೀವು ಸಿಂಪಡಿಸಿದ ನೀರು ಅರ್ಧ ಗಂಟೆಯಲ್ಲಿ ಆರಿದರೆ ಖರ್ಚು ಮಾತ್ರ ಆಯಿತು, ಗಳಿಕೆ ಆಗಲಿಲ್ಲ. ಹೀಗೆ ದಿನದಿನವೂ ನಡೆದರೆ ಬಂಡವಾಳವೇ ಕರಗುತ್ತದೆ. ಸೆಕೆಯಲ್ಲಿ ಒದ್ದೆಯಾಗಿರುವುದೂ ಅದಕ್ಕೆ ಹಿತವಲ್ಲ, ಏಕೆಂದರೆ ಬಿಸಿ ಹೆಚ್ಚಿದಂತೆ ಉಸಿರಾಟದ ಖರ್ಚು ಗಳಿಕೆಯನ್ನು ಮೀರುತ್ತದೆ. ಬೇಸಿಗೆಯಲ್ಲಿ ಅರೆಬರೆ ನೀರು ಕೊಡುವುದಕ್ಕಿಂತ ಪೂರ್ತಿ ಒಣಗಲು ಬಿಡುವುದೇ ಮೇಲು.

ಮೂರನೆಯದನ್ನು ಸಾಮಾನ್ಯವಾಗಿ ಯಾರೂ ಗಮನಿಸುವುದಿಲ್ಲ. ಉತ್ತರದ ಬದಿ ಎಂದರೆ ಸದಾ ನೆರಳು ಎಂಬ ಸಲಹೆ ಉತ್ತರದ ಶೀತ ದೇಶಗಳಲ್ಲಿ ಬರೆದದ್ದು. ಚಿತ್ರದುರ್ಗ ಇರುವುದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ನಡುವಿನವರೆಗೆ ನಡುಹಗಲಿನ ಸೂರ್ಯ ನಮ್ಮ ನೆತ್ತಿಗಿಂತ ತುಸು ಉತ್ತರಕ್ಕೇ ಇರುತ್ತಾನೆ. ಅಂದರೆ ಚಳಿಗಾಲವಿಡೀ ತಂಪಾಗಿದ್ದ ನಿಮ್ಮ ಆ ಜಾಗಕ್ಕೆ ಮೇ ತಿಂಗಳಿನಲ್ಲಿಯೇ ನೆತ್ತಿಯ ಬಿಸಿಲು ಇಳಿಯುತ್ತದೆ. ಏಪ್ರಿಲ್ ಹದಿನೈದರ ಸುಮಾರಿಗೆ ಶೇಡ್ ನೆಟ್ ಕಟ್ಟಿ, ಮಳೆಗಾಲದ ಮೋಡ ಕವಿಯುವವರೆಗೆ ಬಿಟ್ಟರೆ ಸಾಕಾಗುತ್ತದೆ.

ಸತ್ತಿದೆಯೋ ಇಲ್ಲವೋ ಎಂಬುದನ್ನು ಹೀಗೆ ನೋಡಿ. ಒಂದು ಚೂರನ್ನು ಬಟ್ಟಲಿನಲ್ಲಿಟ್ಟು ಮಳೆನೀರು ಅಥವಾ ಫಿಲ್ಟರ್‌ನ ಶುದ್ಧ ನೀರಿನಲ್ಲಿ ನೆನೆಸಿ. ಬದುಕಿದ್ದರೆ ಮುದುಡಿದ ಎಲೆಗಳು ಕೆಲವೇ ನಿಮಿಷಗಳಲ್ಲಿ ಬಿಚ್ಚಿಕೊಂಡು ತುದಿಗಳಲ್ಲಿ ಹಸಿರು ಮೂಡುತ್ತದೆ. ಎಲೆ ಬಿಚ್ಚಿಕೊಂಡರೂ ಮರುದಿನವೂ ಕಂದು ಬಣ್ಣವೇ ಉಳಿದರೆ ಎಲೆಗಳು ಹೋಗಿವೆ ಎಂದರ್ಥ. ಆಗಲೂ ಬುಡದ ಕಾಂಡದಿಂದ ಹೊಸ ಚಿಗುರು ಬರುವ ಸಾಧ್ಯತೆ ಇರುವುದರಿಂದ ಕಿತ್ತೆಸೆಯಬೇಡಿ.

ಮಜ್ಜಿಗೆಯಿಂದ ಪ್ರಯೋಜನವಿಲ್ಲ. ನಮ್ಮ ಸೆಕೆಯಲ್ಲಿ ಅದಕ್ಕೆ ಬೂಷ್ಟು ಹಿಡಿದು, ಇರುವೆ ಮುತ್ತಿ, ಇದ್ದ ಹಾವಸೆಯೂ ಕೊಳೆಯುತ್ತದೆ. ಹರಡುವ ಕೆಲಸವನ್ನು ಬರಿಯ ನೀರೇ ಮಾಡುತ್ತದೆ. ಅಕ್ಕಿ ತೊಳೆದ ನೀರು, ಸಗಣಿ ನೀರು, ಗೊಬ್ಬರ ಯಾವುದೂ ಬೇಡ.

ಉತ್ತರ 2 (ಚನ್ನಗಿರಿ, ಅಡಿಕೆ ಬೆಳೆಗಾರ)

ಮೇಷ್ಟ್ರ ಮಾತಿಗೆ ಒಂದು ಸೇರ್ಪಡೆ. ಮೈಲುತುತ್ತ ಸೇರಿದ ಯಾವ ಔಷಧಿಯೂ ಹಾವಸೆಗೆ ತಾಗಬಾರದು; ತಾಮ್ರ ಅದಕ್ಕೆ ವಿಷ. ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಪಕ್ಕದ ದಾಳಿಂಬೆಗೋ ನಿಂಬೆಗೋ ಸಿಂಪಡಿಸುವವರು ಅದರ ಹನಿ ಇತ್ತ ಬೀಳದಂತೆ ನೋಡಿಕೊಳ್ಳಬೇಕು. ಹಬ್ಬಕ್ಕೆ ಗೋಡೆಗೆ ಸುಣ್ಣ ಬಳಿಯುವಾಗಲೂ ಕೆಳಗೆ ಗೋಣಿಚೀಲ ಹಾಸಿರಿ.

ಉತ್ತರ 3 (ಚಿತ್ರದುರ್ಗ, ಕೋಟೆಯ ಕಡೆಯವರು)

ಗಡಸು ನೀರಿನ ಬಗ್ಗೆ ಅಧ್ಯಾಪಕರು ಹೇಳಿದ್ದನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ತೇವದ ಗುಡ್ಡಗಾಡಿನಿಂದ ಬಂದ ಹಾವಸೆಗೆ ಅದು ನಿಜ. ಆದರೆ ನಮ್ಮ ಊರಿನ ಹಳೆಯ ಗೋಡೆಗಳ ಗಾರೆಯ ಮೇಲೆ, ಸಿಮೆಂಟಿನ ತೊಟ್ಟಿಯ ಬುಡದಲ್ಲಿ ತಾನಾಗಿಯೇ ಬೆಳೆಯುವ ಹಾವಸೆ ಸುಣ್ಣಕ್ಕೆ ಒಗ್ಗಿದ್ದೇ ಆಗಿದೆ. ಅದು ತಾಳದಿರುವುದು ಉಪ್ಪಿನ ಪೊರೆಯನ್ನು. ಕ್ಯೋಟೋದಲ್ಲಿ ವರ್ಷಕ್ಕೆ ಸುಮಾರು 1500 ಮಿಲಿಮೀಟರ್ ಮಳೆಯಾಗುತ್ತದೆ, ನಮ್ಮಲ್ಲಿ ಅದರ ಅರ್ಧವೂ ಇಲ್ಲ. ಹಾಗಾಗಿ ಅಲ್ಲಿನ ಚಿತ್ರಗಳನ್ನು ಪಕ್ಕಕ್ಕಿಟ್ಟು, ನಿಮ್ಮ ಕಾಂಪೌಂಡಿನಲ್ಲಿಯೇ ಏನಿದೆ ಎಂದು ನೋಡಿ.

ನಮ್ಮ ಊರುಗಳಲ್ಲಿ ಎರಡು ಬಗೆಯವನ್ನು ಹುಡುಕಬಹುದು. ಒಂದು ಹಯೋಫಿಲಾ, ಇಟ್ಟಿಗೆ ಮತ್ತು ಗಾರೆಯ ಮೇಲೆ ಗಿಡ್ಡವಾಗಿ ಒತ್ತಾಗಿ ಬೆಳೆಯುತ್ತದೆ. ಒಣಗಿದಾಗ ಅದರ ಎಲೆಯ ಎರಡೂ ಅಂಚುಗಳು ಒಳಕ್ಕೆ ಸುರುಳಿಯಾಗಿ ವೀಳ್ಯದ ಸುರುಳಿಯಂತೆ ಮಡಚಿಕೊಳ್ಳುವುದರಿಂದ ಇಡೀ ಹಾಸು ಕಪ್ಪುಗಂದಾಗಿ ಕಾಣುತ್ತದೆ. ಹನಿ ನೀರು ಬಿಟ್ಟು ಭೂತಗನ್ನಡಿಯಲ್ಲಿ ನೋಡುತ್ತಿದ್ದರೆ ಒಂದೊಂದೇ ಎಲೆ ನಕ್ಷತ್ರದ ಆಕಾರದಲ್ಲಿ ತೆರೆದುಕೊಳ್ಳುವುದು ಕಣ್ಣಿಗೇ ಕಾಣುತ್ತದೆ. ಇನ್ನೊಂದು ಬ್ರಯಂ ಅರ್ಜೆಂಟಿಯಂ. ಎಲೆಯ ತುದಿಯ ಕೋಶಗಳಲ್ಲಿ ಹರಿತ್ತು ಇಲ್ಲದ ಕಾರಣ ಬೆಳ್ಳಿಯ ಹೊಳಪು ಇರುತ್ತದೆ. ಬಿಸಿಲು, ಧೂಳು, ಕಾಲ್ತುಳಿತ ಎಲ್ಲವನ್ನೂ ಸಹಿಸುವ ಜಾತಿ ಅದು. ಕೈಗೆ ಜಾರುವ ಲೋಳೆಯಂತಹ ಹಸಿರು ಪದರ ಇವೆರಡೂ ಅಲ್ಲ; ಅದನ್ನು ತರಬೇಡಿ, ಕಾಲು ಜಾರುವುದು ಅದರಿಂದಲೇ.

ಜೋಗಿಮಟ್ಟಿಯಿಂದಾಗಲಿ ಕೋಟೆಯ ಕಲ್ಲುಗಳಿಂದಾಗಲಿ ತರುವ ಯೋಚನೆಯನ್ನು ಬಿಟ್ಟುಬಿಡಿ. ಒಂದು ರಕ್ಷಿತ ಅರಣ್ಯ, ಇನ್ನೊಂದು ಸಂರಕ್ಷಿತ ಸ್ಮಾರಕ. ಅನುಮತಿ ಇಲ್ಲದೆ ಒಂದು ಹಿಡಿಯನ್ನೂ ಕೀಳುವಂತಿಲ್ಲ. ಹಳೆ ಮನೆ ಕೆಡವುವ ಕಡೆ ಯಜಮಾನರನ್ನು ಕೇಳಿದರೆ ಹಾವಸೆ ಹಿಡಿದ ಇಟ್ಟಿಗೆಗಳನ್ನೇ ಇಡಿಯಾಗಿ ಕೊಡುತ್ತಾರೆ. ಇಟ್ಟಿಗೆಯ ಸಮೇತ ತಂದದ್ದು ಕೆರೆದು ತಂದದ್ದಕ್ಕಿಂತ ಚೆನ್ನಾಗಿ ಹಿಡಿಯುತ್ತದೆ. ಕೆರೆಯಲೇಬೇಕಾದರೆ ಕರಣೆಯ ಅಂಚಿನಿಂದ ತೆಳುವಾಗಿ ಎಬ್ಬಿಸಿ, ಜರಡಿ ಹಿಡಿದ ಕೆಮ್ಮಣ್ಣನ್ನು ತಟ್ಟಿ ಗಟ್ಟಿ ಮಾಡಿದ ನೆಲದ ಮೇಲಿಟ್ಟು, ಅಡಿಯಲ್ಲಿ ಗಾಳಿ ಉಳಿಯದಂತೆ ಅಂಗೈಯಿಂದ ಒತ್ತಿರಿ. ನಿಮ್ಮ ಹಾಸಿನ ಅಂಚುಗಳು ಮೇಲೆದ್ದದ್ದು ಅಡಿಯಲ್ಲಿ ಗಾಳಿ ಉಳಿದಿದ್ದರಿಂದಲೂ ಇರಬಹುದು. ಉಳಿದ ಚೂರುಗಳನ್ನು ಒಣಗಿಸಿ ಉಜ್ಜಿ ಪುಡಿ ಮಾಡಿ ಸಂದುಗಳಿಗೆ ಉದುರಿಸಿ. ಚೂರಿನಿಂದಲೇ ಹೊಸ ಗಿಡ ಹುಟ್ಟುತ್ತದೆ.

ಕಾಲ ಮುಖ್ಯ. ಮುಂಗಾರು ಎಂದು ಜೂನ್‌ನಲ್ಲಿ ಆರಂಭಿಸಬೇಡಿ. ಆಷಾಢದ ಗಾಳಿ ನಮ್ಮಲ್ಲಿ ಹೇಗೆ ಬೀಸುತ್ತದೆ ಎಂದು ನಿಮಗೆ ಗೊತ್ತೇ ಇದೆ; ನಮ್ಮ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಬಿದ್ದ ತುಂತುರು ಗಳಿಗೆಯಲ್ಲಿ ಆರಿಹೋಗುತ್ತದೆ. ಹುಬ್ಬೆ ಕಳೆದು ಉತ್ತರೆ ಮಳೆಗೆ ಹಾಕಿದರೆ ಹಸ್ತ, ಚಿತ್ತೆಗಳ ಮಳೆಯೂ ಆಮೇಲೆ ಚಳಿಗಾಲದ ಇಬ್ಬನಿಯೂ ಸಿಕ್ಕಿ, ಬೇಸಿಗೆಗೆ ಮುನ್ನ ನೆಲ ಹಿಡಿಯಲು ಸಾಕಷ್ಟು ತಿಂಗಳುಗಳು ದೊರೆಯುತ್ತವೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಬಟ್ಟಲಿನಲ್ಲಿ ನೆನೆಸಿ ನೋಡಿದೆವು. ನಡುಭಾಗದ ಚೂರುಗಳಲ್ಲಿ ಹಸಿರು ಮೂಡಿತು, ಅಂಚಿನವುಗಳಲ್ಲಿ ಇಲ್ಲ. ಮಧ್ಯಾಹ್ನದ ಸಿಂಪರಣೆಯನ್ನು ನಿಲ್ಲಿಸಿದ್ದೇವೆ. ಆರ್‌ಒ ಯಂತ್ರದಿಂದ ಹೊರಹೋಗುವ ನೀರು ದಿನವೂ ವ್ಯರ್ಥವಾಗುತ್ತಿದೆ, ಅದನ್ನು ಬಳಸಬಹುದೇ? ಗೋಡೆಯ ಪಕ್ಕದಲ್ಲಿ ಸದಾ ತೇವವಿದ್ದರೆ ಮನೆಗೆ ತೊಂದರೆಯೇ ಎಂದು ನಮ್ಮ ಯಜಮಾನರು ಕೇಳುತ್ತಿದ್ದಾರೆ.

ಉತ್ತರ 1ರವರಿಂದ ಮತ್ತೆ

ಆರ್‌ಒ ಯಂತ್ರ ಹೊರಹಾಕುವ ನೀರಿನಲ್ಲಿ ಬೋರ್‌ವೆಲ್ ನೀರಿಗಿಂತಲೂ ಹೆಚ್ಚು ಲವಣವಿರುತ್ತದೆ. ಅದನ್ನು ನೆಲ ಒರೆಸಲು ಇಟ್ಟುಕೊಳ್ಳಿ. ಎ.ಸಿ.ಯಿಂದ ತೊಟ್ಟಿಕ್ಕುವ ನೀರು ಮೃದುವಾದದ್ದು, ಬಳಸಬಹುದು. ಎಲ್ಲಕ್ಕಿಂತ ಮಳೆನೀರು ಉತ್ತಮ: ಹತ್ತು ಚದರ ಮೀಟರ್ ತಾರಸಿಯ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 200 ಲೀಟರ್, ಅಂದರೆ ಒಂದು ದೊಡ್ಡ ಡ್ರಮ್ ತುಂಬುವಷ್ಟು ನೀರು ಸಿಗುತ್ತದೆ. ಮೊದಲ ಮಳೆಯ ಧೂಳಿನ ನೀರನ್ನು ಬಿಟ್ಟು ಆಮೇಲೆ ಹಿಡಿಯಿರಿ, ಮತ್ತು ಸೊಳ್ಳೆ ಮೊಟ್ಟೆ ಇಡದಂತೆ ಡ್ರಮ್ಮಿನ ಬಾಯಿಗೆ ಬಟ್ಟೆ ಕಟ್ಟಿರಿ.

ಯಜಮಾನರ ಆತಂಕ ಸರಿಯಾದದ್ದೇ. ಹಾವಸೆಯ ಹಾಸನ್ನು ಮನೆಯ ಗೋಡೆಗೆ ತಾಗಿಸದೆ ಕಾಂಪೌಂಡಿನ ಕಡೆಗೆ ಸರಿಸಿ, ಗೋಡೆಯ ಬುಡದಲ್ಲಿ ಒಂದು ಅಡಿಯಷ್ಟು ಜಾಗಕ್ಕೆ ಜಲ್ಲಿ ಹಾಕಿಸಿ, ನೀರು ಹೊರಕ್ಕೆ ಹರಿಯುವಂತೆ ನೆಲಕ್ಕೆ ಇಳಿಜಾರು ಕೊಡಿಸಿ. ಹಾವಸೆಗೆ ಬೇಕಾದದ್ದು ಮೈ ಒದ್ದೆಯಾಗುವಷ್ಟು ನೀರು ಮಾತ್ರ. ಅಡಿಯಲ್ಲಿ ನೀರು ನಿಲ್ಲುವ ಅಗತ್ಯವೇ ಇಲ್ಲ. ಹತ್ತಿರದಲ್ಲಿ ಬೇವಿನ ಮರವಿದ್ದರೆ ಉದುರಿದ ಎಲೆಗಳನ್ನು ವಾರಕ್ಕೊಮ್ಮೆಯಾದರೂ ಮೆತ್ತನೆಯ ಪೊರಕೆಯಿಂದ ತೆಗೆಸಿ, ಏಕೆಂದರೆ ಎಲೆಯ ಅಡಿಯಲ್ಲಿ ಬೆಳಕು ಸಿಗದೆ ಹಾವಸೆ ಹಳದಿಯಾಗುತ್ತದೆ. ಹಾಸು ಒಣಗಿರುವಾಗ ಗುಡಿಸಿದರೆ ಅದೂ ಎದ್ದು ಬರುತ್ತದೆ. ಆದ್ದರಿಂದ ಸಂಜೆ ನೀರು ಚಿಮುಕಿಸಿದ ಮೇಲೆಯೇ ಗುಡಿಸಲು ಹೇಳಿ.