ಡಾರ್ಕ್‌ಟೇಬಲ್ ಹೊಸದು, ಲೆನ್ಸ್ ಪಟ್ಟಿ ಮಾತ್ರ ಹಳೇದು: ಏನ್ ಮಾಡೋದು?

ಸಾಲಗಾಮೆರೋಡ್_ಸ್ಟುಡಿಯೋ (ಹಾಸನ):
ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಸಣ್ಣ ಸ್ಟುಡಿಯೋ ಇಟ್ಕೊಂಡಿದೀನಿ. ಮದುವೆ ಕೆಲಸ ಇಲ್ಲದ ದಿನ ಹಳೇಬೀಡಿಗೆ ಹೋಗಿ ಹೊಯ್ಸಳೇಶ್ವರ ದೇವಸ್ಥಾನದ ಹೊರಗೋಡೆ ಸಾಲುಗಳನ್ನ ತೆಗೀತೀನಿ. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಹೋಂಸ್ಟೇಯವರು ಗೋಡೆಗೆ ಹಾಕೋಕೆ ದೊಡ್ಡ ಪ್ರಿಂಟ್ ಕೇಳ್ತಿದಾರೆ, ತೊಂದರೆ ಶುರುವಾಗಿದ್ದೇ ಅಲ್ಲಿ. ಹೊಸದಾಗಿ ತಗೊಂಡ ವೈಡ್ ಜೂಮ್‌ನಲ್ಲಿ ತೆಗೆದ್ರೆ ಕೆಳಗಡೆ ಆನೆ ಸಾಲು ಬಿಲ್ಲಿನ ಥರ ಬಾಗುತ್ತೆ. ಫೋನಲ್ಲಿ ಗೊತ್ತಾಗಲ್ಲ, ಮೂರಡಿ ಪ್ರಿಂಟಲ್ಲಿ ಎದ್ದು ಕಾಣುತ್ತೆ.

ಫೋಟೋ ತಿದ್ದೋಕೆ ಲಿನಕ್ಸ್‌ನಲ್ಲಿ ಡಾರ್ಕ್‌ಟೇಬಲ್ ಅನ್ನೋ ಸಾಫ್ಟ್‌ವೇರ್ ಬಳಸ್ತೀನಿ. ಅದರಲ್ಲಿ ಲೆನ್ಸ್ ಬಾಗು ಸರಿಮಾಡೋ ಲೆನ್ಸ್ ಕರೆಕ್ಷನ್ ಮಾಡ್ಯೂಲ್ ತೆರೆದ್ರೆ ಕ್ಯಾಮೆರಾ ಹೆಸರು ಸರಿಯಾಗಿ ಬರುತ್ತೆ, ಲೆನ್ಸ್ ಜಾಗ ಖಾಲಿ. ಎಕ್ಸಿಫ್‌ನಲ್ಲಿ (ಫೋಟೋ ಫೈಲಿನೊಳಗೆ ಕ್ಯಾಮೆರಾ ಬರೆಯೋ ಮಾಹಿತಿ) ಲೆನ್ಸ್ ಹೆಸರು ಸರಿಯಾಗೇ ಇದೆ. ಡಿಸ್ಟ್ರೋ (ನಾವು ಹಾಕ್ಕೊಂಡಿರೋ ಲಿನಕ್ಸ್) ಕೊಡೋದು ಬಿಟ್ಟು, ಬೇಕಾದ್ದೆಲ್ಲ ಒಟ್ಟಿಗೆ ಕಟ್ಟಿ ಬರೋ ಫ್ಲಾಟ್‌ಪ್ಯಾಕ್ ಹಾಕಿದ್ರೆ ಸರಿಹೋಗುತ್ತಾ? "ವಿಂಡೋಸ್‌ಗೆ ವಾಪಸ್ ಹೋಗಿ" ಅನ್ನೋರು ದಯವಿಟ್ಟು ಬೇಡ, ಆ ಮಾತು ಮನೇಲೇ ಸಾಕಷ್ಟು ಕೇಳಿದೀನಿ.

ಪಿಕ್ಸೆಲ್_ಪಾಪಣ್ಣ:
ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ ಸಾರ್, ಬರುತ್ತೆ.

ಸಾಲಗಾಮೆರೋಡ್_ಸ್ಟುಡಿಯೋ:
ಮಾಡಿ ಆಯ್ತು ಸಾರ್. ಡಾರ್ಕ್‌ಟೇಬಲ್ ಹೊಸ ವರ್ಶನ್ನೇ ಇರೋದು.

ಕಳಸದ_ದಾರಿ (ಚಿಕ್ಕಮಗಳೂರು):
ಡಾರ್ಕ್‌ಟೇಬಲ್ ಎಷ್ಟೇ ಹೊಸದಾದ್ರೂ ಇದಕ್ಕೆ ಉಪಯೋಗ ಇಲ್ಲ ಅಣ್ಣ. ಲೆನ್ಸ್ ಲೆಕ್ಕ ಅದರೊಳಗೆ ಇಲ್ಲವೇ ಇಲ್ಲ. ಅದಿರೋದು ಲೆನ್ಸ್‌ಫನ್ ಅನ್ನೋ ಬೇರೆ ಲೈಬ್ರರಿಯಲ್ಲಿ. ಡಿಜಿಕ್ಯಾಮ್, ರಾಥೆರಪಿ ಅನ್ನೋ ಬೇರೆ ಫೋಟೋ ಸಾಫ್ಟ್‌ವೇರ್‌ಗಳು ಕೂಡ ಅದನ್ನೇ ಕೇಳೋದು. ಯಾವ ಲೆನ್ಸ್ ಎಷ್ಟು ಬಾಗಿಸುತ್ತೆ, ಅಂಚಲ್ಲಿ ಬಣ್ಣ ಎಷ್ಟು ಚೆಲ್ಲುತ್ತೆ, ಮೂಲೆ ಎಷ್ಟು ಕಪ್ಪಾಗುತ್ತೆ, ಎಲ್ಲ ಎಕ್ಸ್‌ಎಂಎಲ್ ಫೈಲುಗಳಲ್ಲಿ ಬರೆದಿಟ್ಟಿರ್ತಾರೆ. ಆ ಅಂಕಿಗಳನ್ನ ಅಳೆದು ಕೊಟ್ಟಿರೋದು ನಮ್ಮಂಥ ಬಳಕೆದಾರರೇ.

ಲೆನ್ಸ್‌ಫನ್ ಬಿಡುಗಡೆ ಆಗೋದು ತುಂಬಾ ಅಪರೂಪ: 0.3.3 ಬಂದಿದ್ದು 2022ರಲ್ಲಿ, 0.3.4 ಬಂದಿದ್ದು 2023ರಲ್ಲಿ. ಈ ನಡುವೆ ಅದರ ಕೋಡ್ ಇರೋ ಗಿಟ್‌ಹಬ್ ಸೈಟಿನಲ್ಲಿ ಹೊಸ ಲೆನ್ಸ್‌ಗಳು ಸೇರ್ತಾನೇ ಇರ್ತವೆ. ಡಿಸ್ಟ್ರೋ ಪ್ಯಾಕೇಜ್ ಮಾತ್ರ ಬಿಡುಗಡೆಯ ದಿನದ ಪಟ್ಟಿಯನ್ನೇ ಹೊತ್ಕೊಂಡು ಕೂತಿರುತ್ತೆ. ಡೆಬಿಯನ್ ಸ್ಟೇಬಲ್ ಆದ್ರಂತೂ ಬರೀ ಹೊಸ ಲೆನ್ಸ್ ಸೇರಿಸೋಕೆ ಅಂತ ಪ್ಯಾಕೇಜ್ ಮುಟ್ಟಲ್ಲ. ಕೋಡ್ ಹಳೇದಿದ್ರೆ ಸರಿ, ಅದು ಸ್ಥಿರತೆ. ಆದ್ರೆ ಅಂಕಿಪಟ್ಟಿಯನ್ನೂ ಅದೇ ಕಟ್ಟಿನಲ್ಲಿ ಯಾಕೆ ಬಿಗೀತಾರೋ! ಅದನ್ನ ಬೇರೆ ಪ್ಯಾಕೇಜ್ ಮಾಡಿ ಆಗಾಗ ಕಳಿಸಬೇಕಿತ್ತು ಅನ್ನೋದು ನನ್ನ ಹಳೇ ತಕರಾರು.

ಇದಕ್ಕೆ ಅಂತಲೇ ಒಂದು ಕಮಾಂಡ್ ಇದೆ: ಲೆನ್ಸ್‌ಫನ್-ಅಪ್‌ಡೇಟ್-ಡೇಟಾ. ಇಂಗ್ಲಿಷ್ ಸಣ್ಣಕ್ಷರದಲ್ಲಿ, ಮೂರು ಪದಗಳ ನಡುವೆ ಅಡ್ಡಗೆರೆ ಹಾಕಿ ಟರ್ಮಿನಲ್‌ನಲ್ಲಿ ಹೊಡೀರಿ. ಸಿಗಲಿಲ್ಲ ಅಂದ್ರೆ ಡೆಬಿಯನ್, ಉಬುಂಟುನಲ್ಲಿ ಲಿಬ್‌ಲೆನ್ಸ್‌ಫನ್-ಬಿನ್ ಪ್ಯಾಕೇಜ್ ಹಾಕ್ಬೇಕು. ಸೂಡೋ (ಅಡ್ಮಿನ್ ಅಧಿಕಾರ) ಜೊತೆ ಓಡಿಸಿದ್ರೆ ಇಡೀ ಸಿಸ್ಟಂಗೆ, ಹಾಗೇ ಓಡಿಸಿದ್ರೆ ನಿಮ್ಮ ಹೋಮ್ ಫೋಲ್ಡರ್‌ಗೆ ಇಳಿಯುತ್ತೆ. ಎರಡರಲ್ಲಿ ಯಾವುದು ಹೊಸದೋ ಅದನ್ನೇ ಲೈಬ್ರರಿ ಆರಿಸ್ಕೊಳ್ಳುತ್ತೆ. ಆಮೇಲೆ ಡಾರ್ಕ್‌ಟೇಬಲ್ ಮುಚ್ಚಿ ತೆಗೀರಿ, ಪಟ್ಟಿ ಓದೋದು ಶುರುವಾಗುವಾಗ ಮಾತ್ರ.

ಫ್ಲಾಟ್‌ಪ್ಯಾಕ್‌ಗೆ ಹೋಗೋದಾದ್ರೆ ಒಂದು ಮಾತು: ಅದು ತನ್ನದೇ ಲೆನ್ಸ್‌ಫನ್ ತರುತ್ತೆ, ತನ್ನದೇ ಡೇಟಾ ಫೋಲ್ಡರ್ ನೋಡುತ್ತೆ. ಹೊರಗಡೆ ಮಾಡಿದ ಅಪ್‌ಡೇಟ್ ಅದಕ್ಕೆ ಕಾಣಲ್ಲ.

ಇನ್ನೊಂದು. ಹಳೇಬೀಡು ಗೋಡೆ ನೋಡಿ ಬಾಗಿದೆ, ಇಲ್ಲ ಅಂತ ತೀರ್ಮಾನ ಮಾಡ್ಬೇಡಿ. ಆ ಗೋಡೆ ಹೆಜ್ಜೆಹೆಜ್ಜೆಗೂ ಒಳಗೆ ಹೋಗುತ್ತೆ, ಹೊರಗೆ ಬರುತ್ತೆ. ವೈಡ್ ಲೆನ್ಸ್‌ನಲ್ಲಿ ಅದರ ಆನೆ ಸಾಲು ಹೇಗಿದ್ರೂ ಮುರಿದ ಗೆರೆ ಥರಾನೇ ಬರೋದು, ಅದು ಲೆನ್ಸ್ ತಪ್ಪಲ್ಲ. ಯಾವುದಾದ್ರೂ ಕಾಲೇಜು ಕಟ್ಟಡದ ಉದ್ದ ಸಜ್ಜೆಯನ್ನ ಫ್ರೇಮಿನ ಮೇಲಂಚಿಗೆ ಹತ್ತಿರ ಇಟ್ಟು ತೆಗೆದು ನೋಡಿ, ಅಸಲಿ ಬಾಗು ಗೊತ್ತಾಗುತ್ತೆ.

ತೊಟ್ಟಿಮನೆ_ಸಕಲೇಶಪುರ:
ಇದನ್ನ ಓದ್ತಿರೋ ಬೇರೆಯವರಿಗೆ: ಎಕ್ಸಿಫ್‌ನಲ್ಲೇ ಲೆನ್ಸ್ ಹೆಸರು ತಪ್ಪಿದ್ರೆ ಈ ಕಮಾಂಡ್‌ನಿಂದ ಏನೂ ಆಗಲ್ಲ. ಹೆಸರು ಗುರುತಿಸೋದು ಎಕ್ಸಿವ್2, ಅದು ಬೇರೆ ಲೈಬ್ರರಿ, ಅದೂ ಹಳೇದಿರಬಹುದು. ಪಟ್ಟಿಗೆ ಲೆನ್ಸ್ ಇನ್ನೂ ಬಂದೇ ಇಲ್ಲದಿದ್ರೆ ಸದ್ಯಕ್ಕೆ ರಾಥೆರಪಿಯಲ್ಲಿ ಅಡೋಬಿಯ ಎಲ್‌ಸಿಪಿ (ಲೆನ್ಸ್ ಪ್ರೊಫೈಲ್) ಫೈಲ್ ಕೊಡಬಹುದು, ಅದೂ ಇಲ್ಲ ಅಂದ್ರೆ ಡಿಸ್ಟಾರ್ಶನ್ ಸ್ಲೈಡರ್ ಕೈಯಲ್ಲೇ ಎಳೆದು ನೇರ ಮಾಡಬಹುದು.

ಸಾಲಗಾಮೆರೋಡ್_ಸ್ಟುಡಿಯೋ:
ಕಳಸದವರೇ, ಬಂತು! ಲೆನ್ಸ್ ಹೆಸರು ತಾನಾಗೇ ತುಂಬ್ಕೊಳ್ತು. ಸಜ್ಜೆ ಪರೀಕ್ಷೆನೂ ಮಾಡ್ದೆ, ಈಗ ಸ್ಕೇಲ್ ಇಟ್ಟ ಹಾಗೆ ನೇರ. ಗೋಡೆ ವಿಷಯ ನೀವು ಹೇಳಿದ್ದು ನಿಜ, ಹಳೇ ಫೋಟೋಗಳಲ್ಲಿ ನಾನು ಲೆನ್ಸನ್ನ ಬೈದಿದ್ದರಲ್ಲಿ ಅರ್ಧ ಹೊಯ್ಸಳ ಶಿಲ್ಪಿಗಳ ಲೆಕ್ಕಕ್ಕೆ ಹೋಗ್ಬೇಕು. ಆದ್ರೆ ಮಾಡ್ಯೂಲ್‌ನ ಕೆಳಗೆ ಯಾವ ಕರೆಕ್ಷನ್ ಆಗಿದೆ ಅಂತ ತೋರಿಸೋ ಕಡೆ ಡಿಸ್ಟಾರ್ಶನ್ (ಬಾಗು), ಟಿಸಿಎ (ಅಂಚಲ್ಲಿ ಬಣ್ಣ ಚೆಲ್ಲೋದು) ಎರಡೇ ಇದೆ. ಮೂಲೆಗಳು ಕಪ್ಪಾಗೇ ಇವೆ.

ಕಳಸದ_ದಾರಿ:
ಹಾಗಾದ್ರೆ ನಿಮ್ಮ ಲೆನ್ಸ್‌ಗೆ ವಿನೆಟಿಂಗ್ (ಮೂಲೆ ಕಪ್ಪಾಗೋದು) ಅಳತೆಯನ್ನ ಇನ್ನೂ ಯಾರೂ ಕೊಟ್ಟಿಲ್ಲ. ಸುಮಾರು ಲೆನ್ಸ್‌ಗಳ ಕಥೆ ಇದೇ, ಆ ಅಳತೆ ಸ್ವಲ್ಪ ಬೇಜಾರಿನ ಕೆಲಸ. ಹಾಲುಬಣ್ಣದ ಅಕ್ರಿಲಿಕ್ ತುಂಡು ಲೆನ್ಸ್ ಬಾಯಿಗೆ ಹಿಡಿದು, ಸಮವಾದ ಬೆಳಕಿಗೆ ತೋರಿಸಿ ರಾ ಫೋಟೋ ತೆಗೀಬೇಕು. ಕ್ಯಾಮೆರಾದೊಳಗಿನ ಕರೆಕ್ಷನ್ ಆಫ್, ಆಟೋಫೋಕಸ್ ಆಫ್. ಪೂರ್ತಿ ತೆರೆದ ಅಪರ್ಚರ್‌ನಿಂದ ಒಂದೊಂದು ಸ್ಟಾಪ್ ಇಳಿಸ್ತಾ ಹೋಗಿ, ಬೇರೆ ಬೇರೆ ಫೋಕಲ್ ಲೆಂತ್‌ಗೂ ಅದನ್ನೇ ಮಾಡಿ. ಲೆನ್ಸ್‌ಫನ್ ಸೈಟಿನಲ್ಲಿ ವಿವರ ಇದೆ.

ಅಕ್ರಿಲಿಕ್‌ಗೆ ದುಡ್ಡು ಕೊಡ್ಬೇಡಿ, ಬೋರ್ಡ್ ಮಾಡೋ ಅಂಗಡಿಯಲ್ಲಿ ಕತ್ತರಿಸಿ ಮಿಕ್ಕಿದ ಚೂರು ಕೇಳಿ. ನಿಮ್ಮ ಪ್ರಿಂಟ್ ತುರ್ತಿದ್ರೆ ಅದೇ ಚೂರಿನ ಫೋಟೋ ನೋಡ್ಕೊಂಡು ಮೂಲೆಗಳನ್ನ ಮಾಸ್ಕ್ ಹಾಕಿ ಕೈಯಲ್ಲೇ ಎತ್ತಿ.

ಸಾಲಗಾಮೆರೋಡ್_ಸ್ಟುಡಿಯೋ:
ಪ್ರಿಂಟ್ ಈ ವಾರಾನೇ ಕೊಡ್ಬೇಕು, ಸದ್ಯಕ್ಕೆ ಮಾಸ್ಕ್. ಚೂರು ನಮ್ಮ ಫ್ಲೆಕ್ಸ್ ಅಂಗಡಿಯವರ ಹತ್ರ ಕೇಳಿದೀನಿ, ಬೆಳ್ಳಗಿರೋದು ಮೂರು ಮಿಲಿಮೀಟರ್ ದಪ್ಪದ್ದಿದೆ ಅಂದ್ರು. ನಡೆಯುತ್ತಾ?

ಕಳಸದ_ದಾರಿ:
ಬೆಳಕು ಎಲ್ಲ ಕಡೆ ಒಂದೇ ಸಮ ದಾಟಿದ್ರೆ ನಡೆಯುತ್ತೆ. ಗೀರು ಇಲ್ಲದ್ದು ನೋಡಿ ತಗೊಳ್ಳಿ.