ತಂದೆಯವರ ಕಾಲದ ಕೇರಂ ಬೋರ್ಡನ್ನು ಮೆಷಿನ್ನಿನಲ್ಲಿ ಉಜ್ಜಿಸಬಹುದೇ?

ಪ್ರಶ್ನೆ (ವಿನೋಬನಗರ, ದಾವಣಗೆರೆ): ನಮಸ್ಕಾರ ಸರ್. ನಮ್ಮ ತಂದೆಯವರು ಆಡುತ್ತಿದ್ದ ಕೇರಂ ಬೋರ್ಡನ್ನು ಬಹಳ ವರ್ಷಗಳ ಮೇಲೆ ಅಟ್ಟದಿಂದ ಇಳಿಸಿದ್ದೇವೆ. ಸ್ಟ್ರೈಕರ್ ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ಒಂದು ಪಾಕೆಟ್ಟಿನ ಬಳಿ ಚಹಾ ಲೋಟದ ಕಪ್ಪು ಬಳೆಯಿದ್ದು, ಅದರ ಪಕ್ಕದಲ್ಲಿ ಹಲಗೆ ರೂಪಾಯಿಯಗಲ ಉಬ್ಬಿದೆ. ಬಡಗಿಯೊಬ್ಬರು ಮೆಷಿನ್ನಿನಲ್ಲಿ ಪೂರ್ತಿ ಉಜ್ಜಿ ಹೊಸ ಪಾಲಿಷ್ ಕೊಡುತ್ತೇನೆ ಎನ್ನುತ್ತಾರೆ. ಒಪ್ಪಬಹುದೇ?

ಉತ್ತರ (ಪಾಲಿಷ್ ಕೆಲಸದವರು): ದಯವಿಟ್ಟು ಒಪ್ಪಬೇಡಿ. ಕೇರಂ ಹಲಗೆ ಪ್ಲೈವುಡ್ಡಿನದು; ಅದರ ಮೇಲ್ಪದರ ಬಹಳ ತೆಳು, ಗೆರೆ ಮತ್ತು ವೃತ್ತಗಳು ಸಾಮಾನ್ಯವಾಗಿ ಪಾಲಿಷ್‌ನ ಅಡಿಯಲ್ಲೇ ಇರುತ್ತವೆ, ಹಾಗಾಗಿ ಮೆಷಿನ್ ಒಂದು ಕ್ಷಣ ಹೆಚ್ಚು ನಿಂತರೂ ಗೆರೆ ಹೋಗಿ ಅಲ್ಲಿ ತಗ್ಗು ಬೀಳುತ್ತದೆ. ಆ ತಗ್ಗನ್ನು ಯಾವ ಪಾಲಿಷ್ ಕೂಡ ತುಂಬಲಾರದು.

ಮೊದಲು ಮೂಲೆಯಿಂದ ಮೂಲೆಗೆ ದಾರವನ್ನು ಬಿಗಿಯಾಗಿ ಹಿಡಿದು ಹಲಗೆ ಬಾಗಿದೆಯೇ ನೋಡಿ. ಬಾಗಿರದಿದ್ದರೆ ಜಡತನಕ್ಕೆ ಹೆಚ್ಚಾಗಿ ಕಾರಣ ಹಳೆಯ ಪೌಡರ್ ಮತ್ತು ಕೈಬೆವರು ಸೇರಿ ಕಟ್ಟಿದ ಪದರ. ನೀರು ಸೋಕಿಸದೆ ಒಣ ಬ್ರಷ್‌ನಿಂದ ಕೊಡವಿ, ಟರ್ಪೆಂಟೈನ್ ಹನಿಸಿದ ಹತ್ತಿಬಟ್ಟೆಯಿಂದ ಒರೆಸಿ. ಬಟ್ಟೆ ಕಪ್ಪಾಗುವುದನ್ನು ಕಣ್ಣಾರೆ ನೋಡುವಿರಿ. ಸ್ಪಿರಿಟ್ ಬಳಸುವ ಮುನ್ನ ಅಂಚಿನಲ್ಲಿ ಒಂದು ಹನಿ ಹಾಕಿ ಬೆರಳಿಟ್ಟು ನೋಡಿ: ಅಂಟಿದರೆ ಅದು ಅರಗಿನ ಪಾಲಿಷ್, ಸ್ಪಿರಿಟ್ ಅದನ್ನು ಕರಗಿಸಿಬಿಡುತ್ತದೆ.

ಉಬ್ಬನ್ನು ಉಗುರಿನಿಂದ ತಟ್ಟಿ. ಟೊಳ್ಳು ಸದ್ದು ಬಂದರೆ ಮೇಲ್ಪದರ ಬಿಟ್ಟುಕೊಂಡಿದೆ ಎಂದರ್ಥ. ಮರದ ಎಳೆಯ ಉದ್ದಕ್ಕೇ ಬ್ಲೇಡಿನಿಂದ ಸಣ್ಣ ಸೀಳು ಮಾಡಿ, ಫೆವಿಕಾಲ್ ತೂರಿಸಿ, ಹೊರಬಂದದ್ದನ್ನು ಒರೆಸಿ, ಮೇಲೆ ಪ್ಲಾಸ್ಟಿಕ್ ಹಾಳೆಯಿಟ್ಟು ಒಂದು ರಾತ್ರಿ ಭಾರ ಹೇರಿ. ಕಪ್ಪು ಬಳೆಯನ್ನು ಹಾಗೆಯೇ ಬಿಡಿ. ಅದು ಪಾಲಿಷ್ ದಾಟಿ ಮರಕ್ಕೇ ಇಳಿದ ನೀರಿನ ಗುರುತು, ಸ್ಟ್ರೈಕರನ್ನು ತಡೆಯುವುದಿಲ್ಲ.

ಇಷ್ಟಾದ ಮೇಲೂ ಜಡವೆನಿಸಿದರೆ ಮಾತ್ರ 400ನೇ ನಂಬರಿನ ಸ್ಯಾಂಡ್ ಪೇಪರನ್ನು ಸಪಾಟು ಮರದ ತುಂಡಿಗೆ ಸುತ್ತಿ, ಎಳೆಯ ಗುಂಟ ಹಗುರವಾಗಿ ಉಜ್ಜಿ. ಉದುರುವ ಬಿಳಿ ಪುಡಿ ಮರದ ಬಣ್ಣಕ್ಕೆ ತಿರುಗಿದ ಕೂಡಲೇ ಕೈ ನಿಲ್ಲಿಸಿ. ಅನಂತರ ಲ್ಯಾಕರನ್ನು (ಬೇಗ ಒಣಗುವ ಮೆರುಗಿನ ಲೇಪ) ತೆಳುವಾಗಿ ಎರಡು ಸಲ ಹೊಡೆಸಿ. ಮಳೆ ಹಿಡಿದ ದಿನ ಬೇಡ, ಗಾಳಿಯ ತೇವಕ್ಕೆ ಲ್ಯಾಕರ್ ಮಂಜು ಕವಿದಂತೆ ಬೆಳ್ಳಗಾಗುತ್ತದೆ. ನಮ್ಮೂರಿನಲ್ಲಿ ಒಣ ಹವೆಯ ದಿನಗಳಿಗೆ ಬರವಿಲ್ಲ.

ಮರುಪ್ರಶ್ನೆ: ನಾವು ಮುಖಕ್ಕೆ ಹಚ್ಚುವ ಪೌಡರನ್ನೇ ಹಾಕುತ್ತಿದ್ದೆವು. ಅದು ತಪ್ಪೇ?

ಉತ್ತರ: ಹೌದು, ಅದು ತೇವ ಹಿಡಿದು ಗಟ್ಟಿಯಾಗುತ್ತದೆ. ಬೋರಿಕ್ ಪೌಡರನ್ನು ಚಿಟಿಕೆಯಷ್ಟೇ ಬಳಸಿ. ಅದು ಹೊಟ್ಟೆಗೆ ಹೋದರೆ ವಿಷ, ಆದ್ದರಿಂದ ಆಟ ಮುಗಿದ ಮೇಲೆ ಮಕ್ಕಳ ಕೈ ತೊಳೆಸುವುದನ್ನು ಮರೆಯಬೇಡಿ. ಕೊನೆಗೆ 15 ಗ್ರಾಂ ಸ್ಟ್ರೈಕರನ್ನು ನೇರವಾಗಿ ಜೋರಾಗಿ ಹೊಡೆದು ನೋಡಿ. ಪಂದ್ಯದ ಹಲಗೆಯಲ್ಲಿ ಅದು ಎದುರುಬದುರು ಚೌಕಟ್ಟುಗಳ ನಡುವೆ ಮೂರೂವರೆ ಸಲ ಓಡಾಡಬೇಕು. ನಿಮ್ಮ ಬೋರ್ಡಿನಲ್ಲಿ ಮೂರು ಸಲ ಓಡಿದರೂ ಮನೆಯ ಆಟಕ್ಕೆ ಧಾರಾಳವಾಯಿತು.