ಪದಚರ್ಚೆ: ಮಕ್ಕಳ ಮೈದಾನದ ಫಲಕಕ್ಕೆ ಸಿಡಿಲೋ, ಮಿಂಚೋ, ಗುಡುಗೋ? (ನಾಳೆ ಬೆಳಿಗ್ಗೆಯೊಳಗೆ ಬೇಕು)

ಶಿರಸಿಯಿಂದ:

ಎಲ್ಲರಿಗೂ ನಮಸ್ಕಾರ. ಇಲ್ಲಿನ ಮಕ್ಕಳ ಬೇಸಿಗೆ ಕ್ರೀಡಾ ಶಿಬಿರಕ್ಕೆ ಒಂದು ಫಲಕ ಆಗಬೇಕು. ಫ್ಲೆಕ್ಸ್ ಅಂಗಡಿಯವರು ನಾಳೆ ಬೆಳಿಗ್ಗೆ ಮಜಕೂರು ಕೇಳಿದ್ದಾರೆ. ಇಂಗ್ಲಿಷ್ ಕರಡಿನಿಂದ ನಾನು ಮಾಡಿದ್ದು ಹೀಗಿದೆ: "ಸಿಡಿಲು ಬಂದಾಗ ಆಟ ಸ್ಥಗಿತಗೊಳಿಸಿ, ಸುರಕ್ಷಿತ ಆಸರೆ ಪಡೆಯಿರಿ. ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಿರಿ." ಮೊದಲ ಪದ ಸಿಡಿಲೋ ಮಿಂಚೋ? 'ಆಸರೆ' ಸರಿಯೇ? ಏಪ್ರಿಲ್-ಮೇ ತಿಂಗಳಲ್ಲಿ ನಮ್ಮಲ್ಲಿ ಮೋಡ ಕಟ್ಟುವುದೂ ಮಕ್ಕಳು ಖೋಖೋಗೆ ಇಳಿಯುವುದೂ ಸಂಜೆಯ ಒಂದೇ ಹೊತ್ತಿಗೆ. ಅದಕ್ಕೇ ಅವಸರ.

ಬೆಂಗಳೂರಿನಿಂದ:

ಸಿಡಿಲು. ಇದರಲ್ಲಿ ಚರ್ಚಿಸುವಂಥದ್ದೇನೂ ಇಲ್ಲ. 'ಸಿಡಿ' ಧಾತುವಿನಿಂದ ಬಂದ ಅಚ್ಚಗನ್ನಡ ಪದ, ಕಿಟೆಲ್ಲರ 1894ರ ನಿಘಂಟು ತೆಗೆದು ನೋಡಿ. ಮಿಂಚು 'ಮಿನುಗು' ಬಳಗದ್ದು, ಬರೀ ಬೆಳಕು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಆ್ಯಪ್‌ಗೂ 'ಸಿಡಿಲು' ಎಂದೇ ಹೆಸರು. ನಿಮ್ಮ ಫಲಕದ ತೊಂದರೆ ಬೇರೆಯೇ ಇದೆ. ಸ್ಥಗಿತ, ಸುರಕ್ಷಿತ, ನಂತರ, ಮೂರೂ ಸಂಸ್ಕೃತ. ತಲೆಬರಹಕ್ಕೆ 'ಸಿಡಿಲುಕಾಪು' ಎಂದಿಡಿ. ಮೈದಾನವೂ ಬೇಡ, ಅದು ಫಾರಸಿ. 'ಆಟದ ಬಯಲು' ಎನ್ನಿ.

ಸಿದ್ದಾಪುರದಿಂದ:

ಧಾತು ಸರಿ, ಫಲಕ ತಪ್ಪು. ಸಿಡಿಲಿಗೆ ನಾವು ಹಚ್ಚುವ ಕ್ರಿಯಾಪದ ನೋಡಿ: ಸಿಡಿಲು ಬೀಳುತ್ತದೆ, ಬಡಿಯುತ್ತದೆ, ಎರಗುತ್ತದೆ. "ಸಿಡಿಲು ಬಂದಾಗ" ಎಂದು ಬರೆದರೆ ಓದಿದವ ಎಲ್ಲಾದರೂ ಬೀಳಲಿ ಎಂದು ಕಾಯುತ್ತಾನೆ. ಮಿಂಚನ್ನೂ ನೆಚ್ಚುವ ಹಾಗಿಲ್ಲ. ಹಗಲು ಬೆಳಕಿನಲ್ಲಿ ಮೋಡದೊಳಗಿನ ಮಿಂಚು ಕಾಣುವುದೇ ಕಷ್ಟ, ಆಡುವ ಹುಡುಗನ ಕಣ್ಣೂ ಚೆಂಡಿನ ಮೇಲಿರುತ್ತದೆ. ಉಳಿದದ್ದು ಗುಡುಗು. ಅದು ಕಿವಿಗೆ ಬಿತ್ತೆಂದರೆ ಮುಂದಿನ ಸಿಡಿಲು ನಮ್ಮ ಮೇಲೆಯೇ ಬೀಳಬಹುದಾದಷ್ಟು ಹತ್ತಿರದಲ್ಲಿ ಮೋಡ ಇದೆ. ಸದ್ದು ಒಂದು ಕಿಲೋಮೀಟರ್ ಬರಲು ಸುಮಾರು 3 ಸೆಕೆಂಡ್. ಮಿಂಚಿದ 30 ಸೆಕೆಂಡಿಗೆ ಗುಡುಗಿದರೆ ದೂರ ಬರೀ 10 ಕಿ.ಮೀ. ಮಕ್ಕಳಿಗೆ ಈ ಎಣಿಕೆಯೂ ಬೇಡ. "ಗುಡುಗು ಕೇಳಿತೇ? ಆಟ ಬಿಟ್ಟು ಒಳಗೆ ಹೋಗಿ" ಎಂದಷ್ಟೇ ಬರೆಯಿರಿ.

'ಆಸರೆ' ಅಪಾಯದ ಪದ. ನಮ್ಮ ಕಡೆ ಮಳೆಗೆ ಆಸರೆ ಎಂದರೆ ಮರದ ಬುಡ, ಚಪ್ಪರ, ಪೆವಿಲಿಯನ್ನಿನ ತಗಡಿನ ಮಾಡು. ಅವು ಮಳೆ ತಡೆಯುತ್ತವೆ, ಸಿಡಿಲು ತಡೆಯುವುದಿಲ್ಲ. ಮರಕ್ಕೆ ಬಡಿದ ಸಿಡಿಲು ಬುಡದಲ್ಲಿ ನಿಂತವನ ಮೈಗೆ ಹಾರುತ್ತದೆ, ನೆಲದಲ್ಲೂ ಹರಿದು ಸುತ್ತಲಿದ್ದವರ ಕಾಲಿಂದ ಮೈಗೇರುತ್ತದೆ. 'ಶಾಲೆಯ ಕೋಣೆಯೊಳಗೆ' ಎಂದೇ ಬರೆಯಿರಿ. ಜಗಲಿ ಸಾಲದು. ಹತ್ತಿರ ಕಟ್ಟಡವಿಲ್ಲದಿದ್ದರೆ ಗಾಜು ಏರಿಸಿದ ಬಸ್ಸು. ಅಲ್ಲಿ ಕಾಯುವುದು ಸುತ್ತ ಮುಚ್ಚಿದ ಲೋಹದ ಮೈ, ಟಯರಿನ ರಬ್ಬರಲ್ಲ.

ಬೆಂಗಳೂರಿನಿಂದ:

ಪೆವಿಲಿಯನ್, ಟಯರ್, ರಬ್ಬರ್! ಜನಬಳಕೆ ಎಂದು ಹೀಗೆ ಎಲ್ಲದಕ್ಕೂ ಬಾಗಿಲು ತೆರೆದರೆ ಕನ್ನಡಕ್ಕೆ ಉಳಿಯುವುದೇನು? ಕೋಲ್ಮಿಂಚು, ಕುಡಿಮಿಂಚು, ಬರಸಿಡಿಲು ಎಂದು ಬಗೆಬಗೆಯಾಗಿ ಹೆಸರಿಟ್ಟ ನುಡಿ ನಮ್ಮದು. ಹೊಸ ಪದ ಕಟ್ಟುವ ಕಸುವು ಅದಕ್ಕಿದೆ. 'ಸಿಡಿಲುಕಾಪು' ನಾಲ್ಕು ಸಲ ಓದಿದರೆ ರೂಢಿಯಾಗುತ್ತದೆ.

ಕಾರವಾರದಿಂದ:

ಸ್ವಾಮೀ, ಮೊದಲ ಸಲ ಓದಿದಾಗಲೇ ತಿಳಿಯಬೇಕು. ಕಾಲ ಕಳೆದು ರೂಢಿಯಾಗಲು ಬಿಡುವ ಜಾಗ ಇದಲ್ಲ. ಇಲ್ಲಿ ಮಾಲಾದೇವಿ ಮೈದಾನಕ್ಕೆ 'ಬಯಲು' ಎಂದರೆ ಯಾರೂ ಒಪ್ಪುವುದಿಲ್ಲ, ಮೈದಾನ ಎಂದೋ ನಮ್ಮದಾಗಿದೆ.

ಯಾರೂ ಹೇಳದ ಒಂದು ಮಾತಿದೆ. ನಮ್ಮ ಕೊಂಕಣಿಯಲ್ಲಿ ಮಿಂಚಿಗೂ ಕರೆಂಟಿಗೂ ವೀಜ ಎಂಬ ಒಂದೇ ಪದ. ತಂತಿ ತಗುಲಿದವನನ್ನು ಮುಟ್ಟಬಾರದು ಎಂಬ ಹೆದರಿಕೆ ಸಿಡಿಲು ಬಡಿದವನ ಮೇಲೂ ಬಂದು ಕೂರುತ್ತದೆ. ಅವನ ಮೈಯಲ್ಲಿ ಕರೆಂಟ್ ಉಳಿದಿರುವುದಿಲ್ಲ, ತಕ್ಷಣ ಮುಟ್ಟಬಹುದು, ಮುಟ್ಟಲೇಬೇಕು. ಉಸಿರಾಟ ನಿಂತಿದ್ದರೆ ಎದೆ ಒತ್ತುವುದನ್ನು ಶುರುಮಾಡಿ 108ಕ್ಕೆ ಕರೆ ಮಾಡಿಸಬೇಕು. ಫಲಕದಲ್ಲಿ 'ವಿದ್ಯುತ್' ಎಂದು ಎಲ್ಲೂ ಬರೆಯಬೇಡಿ, ಎಲ್ಲರೂ ಕಂಬ ನೋಡುತ್ತಾರೆ.

ಶಿರಸಿಯಿಂದ:

ಉಪಕಾರವಾಯಿತು. ಅಂಗಡಿಗೆ ಕಳಿಸುತ್ತಿರುವುದು: "ಗುಡುಗು ಕೇಳಿತೇ? ಆಟ ಬಿಟ್ಟು ಶಾಲೆಯ ಕೋಣೆಯೊಳಗೆ ಹೋಗಿ. ಮರದ ಕೆಳಗೆ, ಮಾಡಿನ ಕೆಳಗೆ ನಿಲ್ಲಬೇಡಿ. ಕೊನೆಯ ಗುಡುಗು ಕೇಳಿ 30 ನಿಮಿಷ ಹೊರಗೆ ಬರಬೇಡಿ. ಸಿಡಿಲು ಬಡಿದವರನ್ನು ಮುಟ್ಟಬಹುದು, ಕೂಡಲೇ ನೆರವಾಗಿ. 108."

ಸಿದ್ದಾಪುರದಿಂದ:

'ಕೊನೆಯ ಗುಡುಗು' ಯಾವುದು ಎಂದು ಒಳಗೆ ಕೂತ ಮಕ್ಕಳಿಗೆ ಹೇಗೆ ತಿಳಿಯಬೇಕು? ಇಪ್ಪತ್ತೈದನೇ ನಿಮಿಷಕ್ಕೆ ಗುಡುಗಿದರೆ ಇನ್ನು ಐದೇ ನಿಮಿಷ ಎಂದುಕೊಳ್ಳುತ್ತಾರೆ. "ಮತ್ತೆ ಗುಡುಗಿದರೆ ಮತ್ತೆ 30 ನಿಮಿಷ" ಎಂಬ ಸಾಲು ಸೇರಿಸಿಯೇ ಕಳಿಸಿ.